ಕರೆಂಟು ಬಂದ ಮೇಲೆ

ನಾರಿನ್ ಪಟ್ಟಣದ ಜಿಲ್ಲಾಸ್ಪತ್ರೆ, ನೆಲಮಾಳಿಗೆ.
ಮಧ್ಯಾಹ್ನ ಹನ್ನೆರಡಕ್ಕೆ ಹೋದ ಕರೆಂಟು ಅರ್ಧ ಗಂಟೆಗೆ ಬಂತು.
ಯಂತ್ರ ಕಣ್ಣುಜ್ಜಿಕೊಂಡು ಎದ್ದಿತು, ಫ್ಯಾನು ಗುರ್ರೆಂದಿತು,
ಅಂಚೆ ಮಾತ್ರ ಏಳಲಿಲ್ಲ.
ರಾತ್ರಿ ಲ್ಯಾಬಿನಿಂದ ಫೋನು ಬರುವತನಕ
ಯಾರಿಗೂ ಗೊತ್ತಾಗಲಿಲ್ಲ.

ಜಿಪಾರ್ ಕೋಟಿನ ಮೇಲೆ ಕೋಟು ತೊಟ್ಟು ಲಾಗ್ ಓದುತ್ತಾಳೆ:
ಅಂಥದೊಂದು ಡೈರೆಕ್ಟರಿಯೇ ಇಲ್ಲ.
ಇತ್ತು. ಮೊನ್ನೆ ತಾನೇ ಕೈಯಾರೆ ಮಾಡಿಟ್ಟಿದ್ದಳು,
ಈ ಚಳಿಗಾಲದಲ್ಲಿ ನಾಲ್ಕನೆಯ ಸಲ.
ಮೆಮೊರಿಯಲ್ಲಿ ಕಟ್ಟಿದ ಕೋಣೆ;
ಹೆಸರು ನೆನಪು, ಗುಣ ಮರೆವು.
ಕರೆಂಟು ಹೋದರೆ
ಗೋಡೆ ಬಾಗಿಲು ಬೀಗ ಸಮೇತ ಹೋಗುತ್ತದೆ.

ಡಿಸ್ಕಿನ ಸರದಿಯಲ್ಲಿ ನಲವತ್ತೊಂದು ಕಾಗದ ಭದ್ರ:
ಬಿಷ್ಕೆಕ್ಕಿಗೆ ಹೋಗಬೇಕಾದ ರಕ್ತದ ವರದಿ,
ಆಕ್ಸಿಜನ್ ಬಿಲ್ಲು, ಯಾರದೋ ರಜಾ ಅರ್ಜಿ.
ಹೊರಡಲು ಸಿದ್ಧ, ದಾಟಲು ಹೊಸಿಲಿಲ್ಲ.

ಇನ್ನು ಕೈಯಾರೆ ಬೇಡ, ಬರೆದೇ ಬಿಡೋಣ
ಎಂದು ಬೆರಳಿಗೆ ಉಸಿರೂದಿ ಕೂತಳು.
ಕೋಣೆ ಕಟ್ಟು. ಅಂಚೆಯನ್ನು ಎಬ್ಬಿಸು.
ಎರಡೇ ಸಾಲು. ರೀಬೂಟ್.
ಕೋಣೆ ಇದೆ, ಅಂಚೆ ಹೊರಗೇ ನಿಂತಿದೆ:
ಅನುಮತಿ ಇಲ್ಲ.
ಕಟ್ಟಿದವನು ರೂಟ್, ಖಾತೆಯೂ ಅವನ ಹೆಸರಿಗೇ.

ಜನರೇಟರ್ ನೋಡುವ ತೊಲೊಮುಶ್ ಚಹಾ ತಂದ.
ಪರದೆ ನೋಡಿದ, ತಿಳಿಯಲಿಲ್ಲ, ಕೇಳಿದ. ಹೇಳಿದಳು.
ಬಟ್ಟಲು ಕೆಳಗಿಟ್ಟು ಗಾಳಿಯಲ್ಲಿ ಕೈಯಾಡಿಸಿದ:
"ಬೇಸಿಗೆಯ ಹುಲ್ಲುಗಾವಲಿಗೆ ಏರಿದರೆ ಮೊದಲು ಬಾಗಿಲ ಚೌಕಟ್ಟು,
ಆಮೇಲೆ ಜಾಳಿಗೆ ಗೋಡೆ, ಆಮೇಲೆ ನೆತ್ತಿಯ ಬಳೆ, ಅದಕ್ಕೆ ಕೋಲು,
ಕೊನೆಗೆ ಕಂಬಳಿ.
ಒಬ್ಬ ಅವಸರಗೇಡಿ ಹಾಸಿಗೆಯನ್ನೇ ಮೊದಲು ಹಾಸಿದ,
ರಾತ್ರಿ ಅದರ ಮೇಲೆ ಹಿಮ ಬಿತ್ತು."
ತುಸು ತಡೆದು,
"ನಾನೇ. ಮದುವೆಯಾದ ವರ್ಷ."

ಜಿಪಾರ್ ನಕ್ಕು ನಡುವೆ ಒಂದು ಸಾಲು ತೂರಿಸಿದಳು:
ಒಡೆತನ ಅಂಚೆಗೆ.
ಇನ್ನೊಂದು: ಬೇರೆಯವರಿಗೆ ಒಳಗೆ ದಾರಿಯಿಲ್ಲ.
ಕೋಣೆ ಆಗಲೇ ಇದ್ದರೆ ಗೊಣಗಬೇಡ, ಮುಂದೆ ಹೋಗು.
ಇಷ್ಟಾದ ಮೇಲಷ್ಟೇ ಎಬ್ಬಿಸು.

ಬರೆದದ್ದನ್ನು ನಂಬುವ ಜಾತಿಯಲ್ಲ ಅವಳು.
ಗೋಡೆಯ ಪ್ಲಗ್ಗನ್ನು ತಾನೇ ಕಿತ್ತಳು.
ಫ್ಯಾನು ನಿಂತ ಮೌನದಲ್ಲಿ
ತೊಲೊಮುಶ್ ಚಹಾ ಹೀರಿದ್ದು ಕೇಳಿಸಿತು.
ಹತ್ತು ಎಣಿಸಿ ಮತ್ತೆ ಚುಚ್ಚಿದಳು.

ನಲವತ್ತೊಂದು. ನಲವತ್ತೊಂದು. ನಲವತ್ತೊಂದು.
ಮೂವತ್ತಾರು.
ರಕ್ತದ ವರದಿ ಹೋಯಿತು. ಬಿಲ್ಲು ಹೋಯಿತು.
ಎಲ್ಲಕ್ಕೂ ಕೊನೆಗೆ ಕ್ಯಾಂಟೀನಿನ ಸೂಚನೆ:
ಈವತ್ತು ಮಧ್ಯಾಹ್ನ ಲಗ್ಮನ್ ಇದೆ, ಬಿಸಿಯಾಗಿ, ಬೇಗ ಬನ್ನಿ.

ಗಡಿಯಾರ ರಾತ್ರಿ ಹನ್ನೊಂದೂಕಾಲು.
"ನಾನು ತಿಂದೆ," ಎಂದ ತೊಲೊಮುಶ್,
"ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು."