ತೊಗಟೆ

ಕ್ಯಾಟ್‌ಸ್ಕಿಲ್, ಸಾವಿರದೆಂಟುನೂರ ಐವತ್ತೆರಡು.
ಮೂರು ವಾರದ ಬಾಡಿಗೆ ಬಾಕಿಯಿಟ್ಟು
ಪೆಲ್ ಮಹಾಶಯರು ಬೆಟ್ಟ ಬರೆದರು:

ನೆತ್ತಿಯಲ್ಲಿ ಆರುತ್ತಿರುವ ಕುಲುಮೆಯ ಕೆಂಪು,
ಕಣಿವೆಗಿಳಿಯುತ್ತ ಹಳದಿ, ಆಮೇಲೆ ನೇರಳೆ.
ಅಂಚಿನಲ್ಲೊಂದು ಜಿಂಕೆ.
ನಾನಂತೂ ಐದು ವರ್ಷದಿಂದ ಕಂಡಿಲ್ಲ.

ಚರ್ಮ ಹದಮಾಡುವಲ್ಲಿನ ಹೊಗೆ ಬರೆಯಲಿಲ್ಲ.
ಹೊಳೆಯ ಕಂದು ನೀರು ಬರೆಯಲಿಲ್ಲ,
ಅದರ ನಾತ ಬರೆಯಲು ಬರುವುದೂ ಇಲ್ಲ.
ತೊಗಟೆ ಸುಲಿದು ಕೊಳೆಯಲು ಬಿಟ್ಟ ಹೆಮ್ಲಾಕ್ ಮರಗಳನ್ನು
ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದರು.

ನನ್ನ ಗಂಡ ಓರಿನ್
ಕೊಡಲಿ ಬಾಗಿಲಿಗೊರಗಿಸಿ
ಚಿತ್ರದ ಮುಂದೆ ಬಹಳ ಹೊತ್ತು ನಿಂತ.
ಬೆರಳಿಟ್ಟು ಎಣಿಸಿದ: ಹದಿನಾಲ್ಕು.
ಬಲಗಡೆಯ ದೊಡ್ಡದರ ಹತ್ತಿರ ತಡೆದು,
"ಇದು ಬಿದ್ದಾಗ," ಅಂದ,
"ಸರಿಯಾಗಿ ಇಷ್ಟೇ ಬೆಳಕಿತ್ತು."

ಬೆರಳಿಗೆ ಹಸಿ ಹಸಿರು ಮೆತ್ತಿತ್ತು.
ರಾತ್ರಿ ಊಟಕ್ಕೂ ತೊಳೆಯಲಿಲ್ಲ.