ಕೈ ಒಣಗಿಸುವ ಯಂತ್ರ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಶಾಲೆ.
ಎಂಟೂವರೆಗೆ ಗೇಟಿನ ಹತ್ತಿರ ನಿಲ್ಲುತ್ತೇನೆ,
ಒಂದು ಜೇಬಿನಲ್ಲಿ ಚಿತ್ರದ ಚೀಟಿಗಳು,
ಇನ್ನೊಂದರಲ್ಲಿ ಮುದುಡಿದ ಟಿಶ್ಯೂ.
ಮೀನಿನ ವಾಸನೆ ಮೊದಲು ಬರುತ್ತದೆ,
ಆಮೇಲೆ ಅಜ್ಜನ ಕೈ ಹಿಡಿದು ವಿಲ್ಫ್.

ಕೈ ಹಿಡಿದು ಅಂದೆನೆ? ತಪ್ಪು.
ಅಜ್ಜನ ಕೋಟಿನ ಬೆಲ್ಟು ಹಿಡಿದು.
ಕೈ ಅಂದರೆ ಅವನಿಗೆ ಆಗದು.
ಬೆಲ್ಟಿಗೆ ಬಿಸಿಯಿಲ್ಲ, ಬೆವರಿಲ್ಲ,
ಅದು ತಿರುಗಿ ಹಿಡಿಯುವುದಿಲ್ಲ.

ನನ್ನ ಹುದ್ದೆಯ ಹೆಸರು ಉದ್ದ,
ಸಂಬಳ ಗಿಡ್ಡ, ರಜೆಯಲ್ಲಿ ಅದೂ ಇಲ್ಲ.
ಮಕ್ಕಳು ಮಿಸ್ ಸ್ಕೆಲ್ಟನ್ ಅನ್ನುತ್ತಾರೆ,
ವಿಲ್ಫ್ ಏನೂ ಅನ್ನುವುದಿಲ್ಲ.
ಏಳು ತುಂಬಿದೆ, ಮಾತು ಬಂದಿಲ್ಲ;
ಚರಂಡಿಯ ಕಬ್ಬಿಣದ ಜಾಲರಿಗಳನ್ನು ಮಾತ್ರ
ಎಡಗಾಲು ಊರಿ ಎಣಿಸದೆ ದಾಟಿದವನಲ್ಲ.
ಗೇಟಿನಿಂದ ತರಗತಿಗೆ ಹದಿನಾಲ್ಕು.
ಆರನೆಯದರ ಮೇಲೆ ಯಾರೋ ಸೈಕಲ್ ನಿಲ್ಲಿಸಿದ ದಿನ
ನಮ್ಮ ಗಣಿತವೆಲ್ಲ ಮಳೆಯಲ್ಲೇ ಮುಗಿಯಿತು.

ಸೆಪ್ಟೆಂಬರಿನಿಂದ ಕ್ರಿಸ್ಮಸ್ಸಿನ ತನಕ
ಅವನು ಶೌಚಾಲಯದ ಹೊಸ್ತಿಲು ತುಳಿಯಲಿಲ್ಲ.
ಮೂರು ಸಭೆ ಸೇರಿದವು.
ಹಟ, ಅಂದರು ಒಬ್ಬರು.
ಮನೆಯಲ್ಲಿ ಕಲಿಸಿಲ್ಲ, ಅಂದರು ಇನ್ನೊಬ್ಬರು.
ಹೋದರೆ ನಕ್ಷತ್ರದ ಸ್ಟಿಕ್ಕರ್ ಕೊಡಿ,
ಅಂದರು ಲಿಂಕನ್‌ನಿಂದ ಬಂದವರು, ಬಿಸ್ಕತ್ತು ಅದ್ದುತ್ತ.
ಒದ್ದೆ ಚಡ್ಡಿಯನ್ನು ಚೀಲದಲ್ಲಿ ಗಂಟುಕಟ್ಟಿ
ಸಂಜೆ ಅಜ್ಜನ ಕೈಗೆ ದಾಟಿಸುವಾಗ
ಗಾಳಿಯ ಬಗ್ಗೆ ಮಾತಾಡುತ್ತಿದ್ದೆವು ಇಬ್ಬರೂ,
ಗಾಳಿ ಇದ್ದೇ ಇರುತ್ತದಲ್ಲ ಇಲ್ಲಿ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ
ಆ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತೆ,
ಏಳು ವರ್ಷದ ಎತ್ತರಕ್ಕೆ.
ಏನಿದೆ? ಹೆಂಚು. ನಲ್ಲಿ. ಬಿಳಿಚಿದ ಬೆಳಕು.
ನೆಲ ಒರೆಸುವ ವೈದಾಸ್ ಒಳಗೆ ಕೈ ತೊಳೆದ,
ಗೋಡೆಯ ಯಂತ್ರದಡಿ ಹಿಡಿದ.
ಅದು ಅರಚಿತು.
ನನ್ನ ಕಿವಿಯ ಮಟ್ಟಕ್ಕೇ ಇತ್ತು ಅದರ ಬಾಯಿ.

ಹನ್ನೊಂದು ವರ್ಷ ಅದರಡಿ ಕೈ ಒಡ್ಡಿದ್ದೇನೆ,
ಒಂದು ದಿನವೂ ಕೇಳಿಸಿರಲಿಲ್ಲ.

ವೈದಾಸ್ ಯಾರನ್ನೂ ಕೇಳಲಿಲ್ಲ.
ಸ್ಕ್ರೂಡ್ರೈವರ್ ತಂದ, ಮುಚ್ಚಳ ಬಿಚ್ಚಿದ,
ಒಂದು ತಂತಿ ಎಳೆದ.
ಮೇಲೊಂದು ಚೀಟಿ ಅಂಟಿಸಿದ: ಕೆಟಿದೆ.
ಒಂದು ಅಕ್ಷರ ಕಮ್ಮಿ, ನಾನು ತಿದ್ದಲಿಲ್ಲ.
ಕ್ಲೈಪೆಡಾದಲ್ಲಿ ನನ್ನ ತಂಗಿಯೂ ಹೀಗೇ, ಅಂದ,
ಅವಳಿಗೆ ಚರ್ಚಿನ ಗಂಟೆ;
ಗಂಟೆಗೆ ತಂತಿ ಇರಲಿಲ್ಲ.

ಮರುದಿನ ವಿಲ್ಫ್ ಬಾಗಿಲಲ್ಲಿ ನಿಂತ.
ಒಂಬತ್ತು ನಿಮಿಷ. ಅವನೂ ಎಣಿಸಿರಬೇಕು.
ಹುಡುಗರು ಆಚೀಚೆ ನುಗ್ಗಿ ಹೋದರು,
ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು ಬಂದರು.
ಕಟ್ಟಿಹಾಕಿದ ನಾಯಿಯನ್ನು ನೋಡುವಂತೆ
ಯಂತ್ರವನ್ನು ನೋಡುತ್ತಲೇ, ಗೋಡೆ ಸವರುತ್ತ
ಒಳಗೆ ಹೋದ.
ಹೊರಗೆ ನಿಂತು ನಾನು
ನೀರಿನ ಸದ್ದಿಗೆ ಕಿವಿಗೊಟ್ಟೆ,
ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರ ಹಾಗೆ.

ನನ್ನಮ್ಮ ಟ್ರಾಲರುಗಳಿಗೆ ಬಲೆ ಹೆಣೆದವಳು.
ದಾರ ಯಾರು ಬೇಕಾದರೂ ಎಳೆಯುತ್ತಾರೆ ಕಣೇ,
ತೂತು ನೋಡಿಕೋ, ಅನ್ನುತ್ತಿದ್ದಳು.
ಆಗ ಬೈಗುಳ ಅಂದುಕೊಂಡಿದ್ದೆ.
ಈಗಲೂ ಪೂರ್ತಿ ತಿಳಿದಿದೆ ಅನ್ನಲಾರೆ.

ಫೆಬ್ರವರಿಯಲ್ಲಿ ಹೊಸ ಯಂತ್ರ ಬಂತು.
ಹತ್ತು ಸೆಕೆಂಡಿನಲ್ಲಿ ಒಣಗಿಸುತ್ತದಂತೆ,
ಹಳೆಯದಕ್ಕಿಂತ ಜೋರು.
ಇವತ್ತು ಹೆಡ್‌ಮಿಸ್ಸಿನ ಬಾಗಿಲು ತಟ್ಟಿದ್ದೇನೆ,
ಫೋನಿನಲ್ಲಿದ್ದಾರೆ, ಕಾಯಿರಿ ಅಂದಿದ್ದಾರೆ.
ಕಾರಿಡಾರಿನಲ್ಲಿ ನಿಂತಿದ್ದೇವೆ.
ನನ್ನ ಕೊರಳ ಗುರುತುಚೀಟಿಯ ಪಟ್ಟಿ
ಕೆಳಗಿನಿಂದ ಮೆಲ್ಲಗೆ ಬಿಗಿಯುತ್ತದೆ.
ನಾನು ಬಗ್ಗಿ ನೋಡುವುದಿಲ್ಲ.

ಜೇಬಿನಲ್ಲಿ ಚಿತ್ರದ ಚೀಟಿಗಳಿವೆ.
ಇನ್ನೊಂದರಲ್ಲಿ
ವೈದಾಸ್‌ನ ಸ್ಕ್ರೂಡ್ರೈವರ್.