ಎಡಗಿವಿಯ ಗಿಟಾರು

ಬಲ್ಮಠ, ಎರಡನೇ ಮಾಳಿಗೆ. ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿತ್ತು.
ಬಿಟ್ಟೆ. ಡೀಸೆಲ್ಲಿನ ವಾಸನೆ ಜೊತೆಗೇ ಒಳಗೆ ಬಂತು;
ಅದು ಚಪ್ಪಲಿಯದ್ದಲ್ಲ.

ಕಪ್ಪು ಮಖಮಲ್ಲಿನ ಮೇಲೆ ಮೂರು ಹೆಡ್‌ಫೋನು ಇಟ್ಟ ರೆನ್ಸನ್,
ಮೀಸೆ ಈಗಷ್ಟೇ ಮೂಡುತ್ತಿರುವ ಹುಡುಗ,
ಹರಾಜಿನ ಕಟ್ಟೆಯಲ್ಲಿ ಅಂಜಲ್ ಇಟ್ಟ ಹಾಗೆ, ಬೆಲೆ ಹೇಳದೆ.
"ಯಾವ ನಮೂನೆಯ ಹಾಡು ಅಂಕಲ್? ಭಜನೆಯಾ, ಹಳೇ ಹಿಂದಿಯಾ?"
"ಮೆಟಲ್."
ನನ್ನ ಲುಂಗಿ ನೋಡಿದ. ಮತ್ತೆ ಮುಖ ನೋಡಿದ.
ಆಮೇಲೆ ಏಸಿ ನಿಲ್ಲಿಸಿದ, ಅದರ ಸದ್ದೂ ಬೇಡವೆಂದು.
ಆಗಲೇ ಅವನು ನನಗೆ ಹಿಡಿಸಿದ್ದು.

ಮೀನುಗಾರಿಕೆಗೆ ರಜೆ ಬಿದ್ದು ಹದಿನಾಲ್ಕು ದಿನ.
ಬಂದರಿನಲ್ಲಿ ಬೋಟುಗಳು ಒಂದರ ಪಕ್ಕೆಗೊಂದು ಒರಗಿ ಮಲಗಿವೆ.
ಇಪ್ಪತ್ತಾರು ವರ್ಷದಿಂದ ಇಂಜಿನ್ ಕೋಣೆ ನನ್ನದು.
ಆರು ಸಿಲಿಂಡರಿನಲ್ಲಿ ಒಂದು ಹೆಜ್ಜೆ ತಪ್ಪಿದರೂ
ನಿದ್ದೆಯಲ್ಲೇ ಕಾಲು ನೆಲ ಹುಡುಕುತ್ತದೆ.

ಈ ಹುಚ್ಚು ಹತ್ತಿಸಿದವ ಆಲ್ಬನ್, ನಮ್ಮ ಬೋಟಿನ ಐಸಿನವ.
ರತ್ನಗಿರಿಯ ಆಚೆ ಒಂದು ರಾತ್ರಿ, ಬಲೆ ನೀರಲ್ಲಿದ್ದಾಗ,
ಇಯರ್‌ಫೋನಿನ ಬಲದ್ದು ನನಗೆ ಕೊಟ್ಟ, ಎಡದ್ದು ತಾನಿಟ್ಟುಕೊಂಡ.
ಎರಡೂ ಕಾಲಲ್ಲಿ ಡ್ರಮ್ಮು ಬಡಿಯುವ ಯಾರೋ ಒಬ್ಬ
ಪೂರಾ ಲೋಡಿನಲ್ಲಿ ಬಲೆ ಎಳೆಯುತ್ತಿದ್ದ.
ಹನ್ನೊಂದು ವರ್ಷ ಆಯಿತು.

ಕಂಕನಾಡಿಯ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು:
ಬಲಗಿವಿ ಪರವಾಗಿಲ್ಲ. ಎಡಗಿವಿಯದ್ದು
ಅಳಿವೆ ದಾಟಿದ ಮೇಲೆ ಕಡಲ ನೆಲ ಇಳಿದ ಹಾಗೆ,
ನಲ್ವತ್ತು ಮಾರಿನ ಆಚೆ ತಳವೇ ಇಲ್ಲ.
ಇಂಜಿನ್ ಇದ್ದದ್ದು ಎಡಕ್ಕೆ.
"ಕೆಪ್ಪನಿಗೆ ಅರುವತ್ತು ಸಾವಿರದ ಕಿವಿಯಾ?" ಅಂದಳು ಸುಗಂಧಿ.
ಅಂದವಳೇ ಚಿಟ್ಟಿನ ಹಣ ತಂದು ಮೇಜಿನ ಮೇಲೆ ಇಟ್ಟಳು.

ಮೊದಲಿನದ್ದು ಬೆನ್ನಿಗೆ ಜಾಲರಿ ಇದ್ದದ್ದು.
ತಣ್ಣೀರುಬಾವಿಯಲ್ಲಿ ನಿಂತು
ಸುಲ್ತಾನ್ ಬತ್ತೇರಿಯಲ್ಲಿ ಬಾರಿಸಿದ್ದು ಕೇಳಿದ ಹಾಗೆ:
ಚಂದವೇ, ಆದರೆ ನಡುವೆ ಹೊಳೆ.
ಎರಡನೆಯದ್ದು ಬರೀ ಬೇಸು.
ಬಲೆ ತುಂಬ ಜೆಲ್ಲಿಮೀನು. ತೂಕ ಉಂಟು, ಮೀನಿಲ್ಲ.

ಮೂರನೆಯದ್ದು ಅರುವತ್ತೆಂಟು ಸಾವಿರ,
ಕಿವಿಯ ಅಚ್ಚು ತೆಗೆದು ಹೊಲಿದಂಥ ದಿಂಬು, ಸ್ವಲ್ಪ ಹಿಂದಕ್ಕೆ ವಾಲಿದ್ದು.
ಮೊದಲ ಪೆಟ್ಟಿಗೆ ಮುಂಚೆ ಡ್ರಮ್ಮಿನವ ಉಸಿರೆಳೆದುಕೊಂಡ.
ನಿಜ. ಎಳೆದುಕೊಂಡ. ಕೈಯ ರೋಮ ನಿಂತವು.
ಆದರೆ ಎಡದಲ್ಲಿ, ಅದೇ ಮುಚ್ಚಿದ ಬಾಗಿಲ ಗುಂ ಗುಂ.

"ಎರಡು ಗಿಟಾರು ಅಂಕಲ್, ಎಡಕ್ಕೊಂದು ಬಲಕ್ಕೊಂದು," ಎಂದ ರೆನ್ಸನ್,
"ಜಗಳ ಮಾಡ್ತಾವೆ, ಕೇಳ್ತಾ ಉಂಟಾ?"
ಜಗಳಕ್ಕೆ ಇಬ್ಬರು ಬೇಕು. ನನಗೆ ಕೇಳುತ್ತಿದ್ದದ್ದು ಒಬ್ಬನೇ.

ಯಾವ ಸಿಲಿಂಡರು ಸತ್ತಿದೆಯೆಂದು ತಿಳಿಯದೆ ಹೋದರೆ
ನಾವು ಮಾಡುವುದು ಇಷ್ಟೇ:
ಇದರ ನೋಜಲು ಅದಕ್ಕೆ, ಅದರದ್ದು ಇದಕ್ಕೆ.
ಹೆಡ್‌ಫೋನು ತಿರುಗಿಸಿ ಹಾಕಿಕೊಂಡೆ.

ಬಂದ.
ತುಸು ತಗ್ಗಿನಲ್ಲಿ, ತುಸು ತಡವಾಗಿ,
ಹೇಳಿದ್ದಕ್ಕೆಲ್ಲ ಎದುರುತ್ತರ ಕೊಡುತ್ತ,
ಇಷ್ಟು ವರ್ಷ ನನ್ನದೇ ತಲೆಯ ಪಕ್ಕ ಕೂತು
ನಾನು ತಿರುಗಿ ನೋಡದವನಂತೆ ಬಾರಿಸುತ್ತಿದ್ದವ.

ಆದರೆ ಉಲ್ಟಾ ಹಾಕಿದರೆ ಆ ದುಬಾರಿ ದಿಂಬು ಕೂರುವುದಿಲ್ಲ,
ದವಡೆಯ ಎಲುಬಿಗೆ ಚುಚ್ಚುತ್ತದೆ.
"ದುಂಡನೆಯದ್ದು ಉಂಟಾ, ಹೇಗೆ ಇಟ್ಟರೂ ಕೂರುವಂಥದ್ದು?"
ಕೆಳಗಿನ ಕಪಾಟಿನಿಂದ, ಸ್ವಲ್ಪ ನಾಚಿಕೆಯಿಂದ, ಒಂದು ತೆಗೆದ.
ಹಳೇ ಮಾಡೆಲ್ಲು, ಸ್ಟುಡಿಯೋದವರು ಒಯ್ಯುವುದಂತೆ, ಇಪ್ಪತ್ತೆರಡು ಸಾವಿರ.
ಉಸಿರು ಅದರಲ್ಲೂ ಇತ್ತು.
"ಎಲ್ ಎಡಕ್ಕೆ, ಆರ್ ಬಲಕ್ಕೆ," ಎಂದು ಬಿಲ್ಲು ಬರೆಯುತ್ತ ನೆನಪಿಸಿದ.
ಪಾಪ, ಅದು ಅವನ ಕರ್ತವ್ಯ.

"ಇಷ್ಟು ಕಡಿಮೆಗಾ?" ಅಂದಳು ಸುಗಂಧಿ,
"ಒಂದು ಕಿವಿಗೆ ಮಾತ್ರ ಲೆಕ್ಕ ಹಾಕಿದರಾ?"

ಆಲ್ಬನ್ ಈಗ ಕುಲಶೇಖರದಲ್ಲಿ ಬೇಕರಿ ಇಟ್ಟಿದ್ದಾನೆ.
ನಾಳೆ ಹೋಗಿ ಕೇಳಬೇಕು:
ಮಾರಾಯ, ಅವತ್ತು ಇವನನ್ನು ನಿನ್ನ ಕಿವಿಯಲ್ಲಿ ಬಚ್ಚಿಟ್ಟುಕೊಂಡು
ನನಗೆ ಬರೀ ಬಲದ್ದು ಕೊಟ್ಟಿದ್ದೆಯಾ?